ಫಾಸ್ಟ್ ಕಲರ್ ಸೀರೆ

ಇವತ್ತು ಟ್ರಂಕಿನ ತಳದಲ್ಲಿ ಅಮ್ಮನ ಕೆಂಪು ಸೀರೆ ಸಿಕ್ಕಿತು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕವಳಾಗಿ ನಂಜನಗೂಡಿನ ಬಟ್ಟೆ ಅಂಗಡಿಯಲ್ಲಿ ಅಮ್ಮನಿಗೆ ಅಂಟಿಕೊಂಡು ಕೂತಿದ್ದೆ.

“ಫಾಸ್ಟ್ ಕಲರ್ ಕಣ್ರಮ್ಮ, ಧೈರ್ಯವಾಗಿ ತಗೊಳ್ಳಿ” ಅಂದರು ಅಂಗಡಿಯವರು.

ಫಾಸ್ಟ್ ಅಂದರೆ ಬೇಗ ಹೋಗುವುದು; ಟಿ. ನರಸೀಪುರದ ಬಸ್ಸು ಫಾಸ್ಟು. ಶಾಲೆಯಲ್ಲಿ ಆಗಷ್ಟೇ ಕಲಿತಿದ್ದೆ.

“ಬ್ಯಾಡಮ್ಮ, ಬಣ್ಣ ಬೇಗ ಹೋಗ್ಬುಡುತ್ತೆ!” ಎಂದು ಸೆರಗು ಜಗ್ಗಿದೆ. ಅಮ್ಮ ಕೇಳಲಿಲ್ಲ. ಆ ಕೆಂಪು ಅವಳಿಗೆ ಅಷ್ಟು ಹಿಡಿಸಿತ್ತು.

ಮೊದಲ ಸಲ ಉಟ್ಟ ಮೇಲೆ ಅವಳು ಅದನ್ನು ಒಗೆಯಲು ಕಪಿಲೆಯ ಕಲ್ಲುಮೆಟ್ಟಿಲಿಗೆ ತಂದಳು. ನೀರಿಗೆ ಅದ್ದಿದಾಗ ನಾನು ಬಗ್ಗಿ ನೀರನ್ನೇ ನೋಡಿದೆ. ಹೊಳೆ ಹರಿಯುತ್ತಲೇ ಇತ್ತು, ಬಣ್ಣ ಒಂದಿಷ್ಟೂ ಬಿಡಲಿಲ್ಲ.

ಮೇಷ್ಟರಾಗಿದ್ದ ಅಪ್ಪನನ್ನು ಕೇಳಿದೆ. ಅವರು ನಕ್ಕರು. “ಬೇಗ ಹೋಗೋದೂ ಫಾಸ್ಟೇ, ಹೋಗ್ದೆ ಗಟ್ಟಿಯಾಗಿ ನಿಲ್ಲೋದೂ ಫಾಸ್ಟೇ ಕಣೇ.”

ಅಷ್ಟು ಪುಟ್ಟ ಮಾತಿನೊಳಗೆ ಓಡುವ ಬಸ್ಸೂ ಅಲುಗದೆ ನಿಂತ ಹೊಳೆಯ ಕಲ್ಲುಮೆಟ್ಟಿಲೂ ಒಟ್ಟಿಗೆ ಹೇಗೆ ಹಿಡಿಸಿದವೋ! ದಿನವಿಡೀ ಅದನ್ನೇ ಹೇಳಿಕೊಂಡು ಓಡಾಡಿದೆ.

ಈಗ ಸೀರೆ ಬಿಡಿಸಿ ನೋಡಿದೆ. ಮಡಿಕೆಗಳಲ್ಲಿ ನೂಲು ಸವೆದಿದೆ. ಅಮ್ಮ ಬೇಗ ಹೋಗಿಬಿಟ್ಟಳು. ಅವಳ ಕೆಂಪು ಮಾತ್ರ ಇನ್ನೂ ನಿಂತಿದೆ.