ಗೋಗಿ ಆಟೋದಲ್ಲಿ ನನ್ನ ಹಾಡು ನಾಲ್ಕು ಸಲ

ಗೆಳೆಯರೇ, ನನ್ನ ಹೊಸ ಹಾಡಿಗೆ ಇವತ್ತು ಎರಡು ವಿಮರ್ಶೆ ಬಂದವು.

ಮೊದಲನೆಯದು ಬೆಳಿಗ್ಗೆ, ಹೊಸಬರ ಹಾಡುಗಳನ್ನು ಆರಿಸಿ ಆನ್‌ಲೈನ್ ಪ್ಲೇಲಿಸ್ಟ್ ಮಾಡುವ ಮಹಾಶಯರಿಂದ. "ದನಿ ಚೆನ್ನಾಗಿದೆ. ಆದರೆ ಶುರುವಿನ ಒಂದು ನಿಮಿಷದ ಏಕತಾರಿ ತೆಗೆಯಿರಿ. ಈಗಿನ ಕೇಳುಗರಿಗೆ ಅಷ್ಟು ತಾಳ್ಮೆಯಿಲ್ಲ." ಆ ಏಕತಾರಿ ನುಡಿಸಿದವರು ತಿಂಥಣಿಯ ನನ್ನ ಸೋದರಮಾವ. ತೆಗೆದರೆ ಮಾವನಿಗೆ ಮುಖ ತೋರಿಸುವುದು ಹೇಗೆ? ತೆಗೆಯದಿದ್ದರೆ ಪ್ಲೇಲಿಸ್ಟ್ ಇಲ್ಲ.

ಅದೇ ಸಿಟ್ಟಿನಲ್ಲಿ ಶಹಾಪುರದಲ್ಲಿ ಗೋಗಿ ಊರಿಗೆ ಹೋಗುವ ಶೇರ್ ಆಟೋ ಹತ್ತಿದೆ. ಸೀಟು ತುಂಬದೆ ಅದು ಕದಲುವುದಿಲ್ಲ. ಡ್ರೈವರ್ ಮೈಬೂಬಣ್ಣ ಪರಿಚಯದವರು. ಅವರ ಫೋನಿಗೆ ಹಾಡು ಕಳಿಸಿ, "ಅಣ್ಣಾರ, ಇದೊಂದು ಹಚ್ರಿ" ಎಂದೆ. ಸ್ಪೀಕರಿನಲ್ಲಿ ಏಕತಾರಿ ಶುರುವಾಯಿತು.

ಪಕ್ಕದಲ್ಲಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಏನಪಾ, ಬರೇ ತಂತಿ ಮೀಟಾಕತ್ತಾರ, ಹಾಡು ಯಾವಾಗ ಬರ್ತದ?"

ಮೈಬೂಬಣ್ಣ ತಿರುಗಿಯೂ ನೋಡಲಿಲ್ಲ. "ಗಡಿಬಿಡಿ ಯಾಕಬೇ ಯಮ್ಮ, ಇನ್ನಾ ಐದು ಸೀಟು ಖಾಲಿ ಅದಾವ."

ಆಟೋ ಹೊರಡುವಷ್ಟರಲ್ಲಿ ಹಾಡು ನಾಲ್ಕು ಸಲ ಮುಗಿದಿತ್ತು. ನಾಲ್ಕನೆಯ ಸಲ ಅಜ್ಜಿಯ ಬೆರಳು ಬುತ್ತಿಡಬ್ಬಿಯ ಮೇಲೆ ತಾಳ ಹಾಕುತ್ತಿತ್ತು.

ಗೋಗಿಯಲ್ಲಿ ಇಳಿದಾಗ ಮೈಬೂಬಣ್ಣ ಕರೆದರು. "ಅಕ್ಕಾರ, ಹಾಡು ಚಲೋ ಅದರಿ. ಆದ್ರ ಭಾಳ ಗಿಡ್ಡ ಆತು. ಶುರುವಿನ ತಂತಿ ಇನ್ನೊಂದೀಟು ಉದ್ದ ಮಾಡ್ರಿ, ಸೀಟು ತುಂಬೋ ತನಕ ಬರ್ಬೇಕು."

ಮಹಾಶಯರಿಗೆ ಈಗಷ್ಟೇ ಉತ್ತರ ಬರೆದೆ: "ಏಕತಾರಿ ತೆಗೆಯಲಾಗದು ಸರ್. ಉದ್ದ ಮಾಡಿ ಎಂದು ಕೇಳುಗರಿಂದಲೇ ಬೇಡಿಕೆ ಬಂದಿದೆ."

ಲಿಂಕ್ ಕಾಮೆಂಟಿನಲ್ಲಿದೆ. ತಾಳ್ಮೆ ಇಲ್ಲದವರು ಗೋಗಿ ಆಟೋದಲ್ಲಿ ಕೂತು ಕೇಳಿ.