ಮಾದರಿ ಮನೆಯ ವನಿತಾಬಾಯಿ

ವಾಘೋಲಿಯ ನಮ್ಮ ಕಟ್ಟಡದಲ್ಲಿ ಎಲ್ಲಕ್ಕಿಂತ ಮೊದಲು ತಯಾರಾದದ್ದು ಒಂದನೇ ಮಹಡಿಯ ನೂರಾ ಮೂರನೇ ನಂಬರಿನ ಮನೆ. ಉಳಿದದ್ದೆಲ್ಲ ಇನ್ನೂ ಕಂಬ, ಸರಳುಗಳಾಗಿದ್ದಾಗ ಅದೊಂದಕ್ಕೆ ಬಣ್ಣ ಹೊಡೆದು, ಮಂಚ, ಸೋಫಾ ಹಾಕಿ, ಪುಣೆಯಿಂದ ಮನೆ ಹುಡುಕಿಕೊಂಡು ಬರುವವರಿಗೆ ತೋರಿಸುತ್ತಿದ್ದರು. ಆ ಮಾದರಿ ಮನೆಯನ್ನು ಒರೆಸಿ ಒಪ್ಪವಾಗಿಡುವ ಕೆಲಸ ವನಿತಾ ಪೋಟೆಯದು. ನಾಲ್ಕು ವರ್ಷ ಆಕೆ ಯಾರೂ ಮಲಗದ ಹಾಸಿಗೆಯ ಸುಕ್ಕು ಬಿಡಿಸಿದಳು, ಮೇಣದ ಸೇಬುಗಳ ಧೂಳು ಒರೆಸಿದಳು. ನಾವು ನೋಡಲು ಹೋದಾಗ ನನ್ನ ಹೆಂಡತಿ ಅಡುಗೆಮನೆಯ ಕಪಾಟುಗಳನ್ನೆಲ್ಲ ತೆಗೆದು ನೋಡಿದಳು. ಹಿಂದೆಯೇ ಬಂದ ವನಿತಾ ಒಂದೊಂದಾಗಿ ಮುಚ್ಚಿದಳು. ಮಾತಾಡಲಿಲ್ಲ. ಮಾತಾಡುವುದು ಸಾಠೆಯ ಕೆಲಸ. ಅವನು ಬಿಲ್ಡರನ ಕಡೆಯಿಂದ ಮನೆ ಮಾರುವವನು.

ಮನೆಗಳೆಲ್ಲ ಮಾರಾಟವಾಗಿ ಕೊನೆಗೆ ಅದೊಂದೇ ಉಳಿಯಿತು. ಊರೆಲ್ಲ ತುಳಿದಾಡಿದ ಮನೆ ಯಾರಿಗೂ ಬೇಡ. ಸಾಠೆ ಒಂದು ದಿನ ಚಹಾ ಕುಡಿಯುತ್ತ, "ನೀವ ತಗೊಂಬಿಡ್ರಿ ವನಿತಾಬಾಯಿ. ಅಲ್ಲಿ ನೆಲದ ಒಂದೊಂದು ಫರ್ಶಿನೂ ನಿಮ್ಮ ಪರಿಚಯದ್ದ" ಎಂದು ತಮಾಷೆ ಮಾಡಿದ. ಆಕೆ ನಗಲಿಲ್ಲ. ನಾಲ್ಕನೆಯ ದಿನ ಗಂಡನನ್ನು ಕರೆದುಕೊಂಡು ಬಂದಳು. ಗಂಡ ದಗಡು ನೀರಿನ ಟ್ಯಾಂಕರ್ ಓಡಿಸುವವನು, ಆರಡಿ ಮೀರಿದ ಆಳು. ಶಿಕ್ರಾಪುರದ ಕಡೆ ರಸ್ತೆ ಅಗಲ ಮಾಡುವಾಗ ಹೋದ ಹೊಲದ ಪರಿಹಾರ ಅವನ ಕೈಗೆ ಬಂದಿತ್ತು. ಸಾಮಾನು ಸಮೇತ, ಇದ್ದದ್ದು ಇದ್ದ ಹಾಗೆಯೇ ಎಂದು ಕರಾರಾಯಿತು.

ದಸರೆಗೆ ಒಕ್ಕಲಾದರು. ಅಡುಗೆಮನೆಯ ಗಾಜಿನ ಒಲೆ ಬರೀ ತೋರಿಕೆಯದೆಂದು ವನಿತಾಗೆ ಗೊತ್ತಿತ್ತು, ಹಾಲು ಉಕ್ಕಿಸಲು ಹಳೆಯ ಒಲೆಯನ್ನೇ ತಂದಿದ್ದಳು. ಗೊತ್ತಿಲ್ಲದ್ದು ಮಂಚದ ಸಂಗತಿ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅದರ ಮೇಲೆ ಮೈಚಾಚಿದವಳಲ್ಲ. ಪೂರಣಪೋಳಿ ಉಂಡು ದಗಡು ಅಡ್ಡಾದಾಗ ಅವನ ಕಾಲು ಹೊರಗೆ ಜೋತುಬಿದ್ದವು. ಕೋಣೆ ದೊಡ್ಡದಾಗಿ ಕಾಣಲೆಂದು ಸಾಠೆ ಗಿಡ್ಡ ಮಂಚ ಮಾಡಿಸಿದ್ದ. ಅದೇ ಕಾರಣಕ್ಕೆ ಒಳಕೋಣೆಗಳಿಗೆ ಬಾಗಿಲೂ ಇರಲಿಲ್ಲ, ಬಚ್ಚಲಿಗೆ ಇದ್ದದ್ದು ಗಾಜಿನ ಹಲಗೆ.

ಅತ್ತೆ ಸಖೂಬಾಯಿ ಆ ಗಾಜಿಗೆ ತನ್ನ ಒಂಬತ್ತು ಗಜದ ಸೀರೆ ಕಟ್ಟಿದಳು. "ನಾಕ್ ವರ್ಷ ಈ ಮನಿ ಒರಸಿದಿ, ಬಾಗಲಾ ಇಲ್ಲ ಅನ್ನೂದು ಕಾಣಲಿಲ್ಲೇನು? ದನದ ಕೊಟ್ಟಿಗಿಗೂ ಒಂದ್ ಅಗಳಿ ಇರ್ತದ."

"ಒರಸೂದು ಅಷ್ಟ್ ಕಡಿಮಿ ಆತು ಅಂತ ಖುಷಿಯಾಗಿದ್ದೆರಿ" ಎಂದಳು ವನಿತಾ.

ಆ ಚಳಿಗಾಲದಲ್ಲಿ ಬಿಲ್ಡರ್ ಎದುರಿನ ಜಾಗದಲ್ಲಿ ಇನ್ನೊಂದು ಕಟ್ಟಡ ಶುರುಮಾಡಿದ. ತೋರಿಸಲು ಅಲ್ಲಿ ಇನ್ನೂ ಏನೂ ಎದ್ದಿರಲಿಲ್ಲ. ಸಾಠೆ ಬಂದು, ಭಾನುವಾರಗಳಂದು ಅವಳ ಮನೆಯನ್ನೇ ತೋರಿಸುವುದಾಗಿಯೂ, ಹಾಗಾದರೆ ಹೊಸ ಕಟ್ಟಡದ ಕೆಲಸವೂ ಅವಳಿಗೇ ಎಂದೂ ಹೇಳಿದ. ವನಿತಾ ಒಪ್ಪಿದಳು. ಭಾನುವಾರ ಬೆಳಿಗ್ಗೆ ಪಾತ್ರೆ, ಹೊದಿಕೆ, ದೇವರ ಫೋಟೊ ಎಲ್ಲವೂ ಬಾಲ್ಕನಿಗೆ ಹೋಗುತ್ತಿದ್ದವು. ತಾಯಿ ಮಗ ಮೆಟ್ಟಿಲ ಮೇಲೆ ಕೂತು ಭಾಕರಿ ತಿನ್ನುತ್ತಿದ್ದರು. ಮೂರನೇ ಮಹಡಿಯ ನಾವು ಅವರನ್ನು ಸರಿಸಿಕೊಂಡು ದಾಟುತ್ತಿದ್ದೆವು. ಸ್ವಂತ ಮನೆಯ ಹೊರಗೆ ಯಾಕೆ ಕೂತಿದ್ದೀರಿ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಐದಾರು ವಾರ ಹೀಗೆ ನಡೆಯಿತು. ಒಂದು ಭಾನುವಾರ ಹಡಪಸರ್‌ನ ಶಾಲಾ ಶಿಕ್ಷಕಿ, ಗುಜರ್ ಎಂಬಾಕೆ, ಒಬ್ಬಳೇ ಬಂದಳು. ಲಕ್ವಾ ಹೊಡೆದ ತಂದೆಯ ಮಂಚ ಈ ಕೋಣೆಯಲ್ಲಿ ಹಿಡಿಸೀತೇ, ಪಕ್ಕದಲ್ಲಿ ಗಾಲಿಕುರ್ಚಿ ತಿರುಗೀತೇ ಎಂದು ಕೇಳಿದಳು. ಸಾಠೆ ಹಾಸಿಗೆ ತಟ್ಟಿ, "ನೋಡ್ರಿ ಮೇಡಂ, ಡಬಲ್ ಮಂಚ ಹಾಕಿನೂ ಎಷ್ಟ್ ಜಾಗ ಉಳದದ" ಎಂದ.

ವನಿತಾ ಮುಂಬಾಗಿಲಿಗೆ ಹೋಗಿ ಗಂಡನನ್ನು ಕರೆದಳು. "ರೀ, ಇಲ್ಲಿ ಬಂದು ಸ್ವಲ್ಪ ಮಲಕೊಳ್ರಿ."

ದಗಡು ಕೈಯಲ್ಲಿದ್ದ ಭಾಕರಿ ತಾಯಿಗೆ ಕೊಟ್ಟು ಬಂದು ಮಲಗಿದ.

"ಮಂಚ ಗಿಡ್ಡ ಅದರಿ, ಬಾಯಿ" ಎಂದಳು ವನಿತಾ. "ಬಾಗಲಾನೂ ಹಚ್ಚಿಲ್ಲ. ಹಚ್ಚಿದ್ರ ತೆರಿಯಾಕ ಜಾಗ ಬೇಕಲ್ಲ. ಅಳತಿ ಮಾಡಿ ತಗೊಳ್ರಿ."

ಸಾಠೆ ಫೋನ್ ಬಂದವನಂತೆ ಹೊರಗೆ ಹೋದ. ಮೆಟ್ಟಿಲಲ್ಲಿ ನನ್ನನ್ನು ದಾಟಿ ಹೋಗುವಾಗ ಅವನ ಕೈಯಲ್ಲಿ ಫೋನ್ ಇರಲಿಲ್ಲ.

ಹೊಸ ಕಟ್ಟಡದ ಕೆಲಸ ಬೇರೊಬ್ಬಳಿಗೆ ಹೋಯಿತು. ವನಿತಾ ನಗರ್ ರೋಡಿನ ಹುಡುಗಿಯರ ಹಾಸ್ಟೆಲ್‌ನಲ್ಲಿ ಚಪಾತಿ ಲಟ್ಟಿಸಲು ಸೇರಿದಳು. ಆ ಶಿಕ್ಷಕಿ ಮತ್ತೆ ಬರಲಿಲ್ಲ. ಎಲ್ಲಿ ಮನೆ ಕೊಂಡಳೋ ಗೊತ್ತಿಲ್ಲ. ಸಾಠೆ ಒಂದು ವರ್ಷ ವನಿತಾಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ, ಆಮೇಲೆ ಅವನಿಗೆ ಬೇರೆ ಕಡೆ ವರ್ಗವಾಯಿತು. ಅವತ್ತು ಯಾಕೆ ಹಾಗೆ ಮಾಡಿದಿರಿ ಎಂದು ನಾನೊಮ್ಮೆ ವನಿತಾಳನ್ನು ಕೇಳಿದೆ. ಆ ಹೆಂಗಸು ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಳು, ಅಷ್ಟು ವರ್ಷದಲ್ಲಿ ಹಾಗೆ ಒಳಗೆ ಬಂದವರು ಇನ್ನೊಬ್ಬರಿಲ್ಲ ಎಂದಳು.

ಬಡಗಿ ಮಂಚಕ್ಕೆ ಬೇರೆ ಬಣ್ಣದ ಹಲಗೆ ಜೋಡಿಸಿ ಉದ್ದ ಮಾಡಿದ. ಬಾಗಿಲುಗಳು ಒಂದೊಂದಾಗಿ ಬಂದವು, ಮೊದಲು ಬಚ್ಚಲಿಗೆ, ಆಮೇಲೆ ಅತ್ತೆಯ ಕೋಣೆಗೆ. ಕೂರಿಸಿದ ದಿನ ಸಖೂಬಾಯಿ ಒಳಗೆ ಹೋಗಿ ಅಗಳಿ ಹಾಕಿಕೊಂಡವಳು ಸಂಜೆಯಾದರೂ ಹೊರಬರಲಿಲ್ಲ. ವನಿತಾ ಹೆದರಿ ಬಡಿದಳು. "ಸತ್ತಿಲ್ಲ, ಸುಮ್ಮ ಕೂತೀನಿ" ಎಂದು ಒಳಗಿನಿಂದ ಉತ್ತರ ಬಂತು.

ಈಗ ಭಾನುವಾರ ಅವರ ಮನೆಯ ಮಟನ್ ರಸ್ಸಾದ ವಾಸನೆ ನಮ್ಮ ಮಹಡಿಯವರೆಗೂ ಏರುತ್ತದೆ. ಎರಡನೇ ಮಹಡಿಗೆ ಹೊಸದಾಗಿ ಬಂದವರು ಅದರ ಬಗ್ಗೆ ಸೊಸೈಟಿಗೆ ಅರ್ಜಿ ಕೊಟ್ಟಿದ್ದಾರೆ. ಅರ್ಜಿ ಇನ್ನೂ ಸಭೆಗೆ ಬಂದಿಲ್ಲ.