ನೀಲಿ ಜೋಡಿಯ ಹಸಿರು ಮರಿಗಳು

ಬಣ್ಣದಂಗಡಿಯಲ್ಲಿ ಮೂವತ್ತು ವರ್ಷ ಬಣ್ಣ ಕಲಸಿದವನನ್ನು ಬೀದಿಯವರು ಬಣ್ಣದಪ್ಪ ಎಂದು ಕರೆದರೆ ತಪ್ಪೇನಿಲ್ಲ. ಗೋಡೆಯಿಂದ ಉದುರಿದ ಉಗುರಿನಷ್ಟು ಚಕ್ಕೆ ತಂದುಕೊಟ್ಟರೆ ಸಾಕು, ಅದಕ್ಕೆ ತಕ್ಕ ಬಣ್ಣ ಕಲಸಿ ಕಡ್ಡಿಯ ತುದಿಯಿಂದ ಹಚ್ಚಿ ತೋರಿಸುತ್ತಿದ್ದ. ಹಳೆಯದು ಯಾವುದು, ಹೊಸದು ಯಾವುದು ಎಂದು ತಂದವರಿಗೇ ತಿಳಿಯುತ್ತಿರಲಿಲ್ಲ. ಈ ವಿದ್ಯೆ ಅಂಗಡಿಯಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಭಾವಮೈದುನ ಹೊಸ ಕಾರು ತಂದು, "ಅಪ್ಪಟ ಬೆಳ್ಳಿ ಬಣ್ಣ, ಭಾವ" ಎಂದು ಎದೆಯುಬ್ಬಿಸಿ ನಿಂತಾಗ ಬಣ್ಣದಪ್ಪ ಕಾರಿಗೆ ಒಂದು ಸುತ್ತು ಬಂದು, "ಇದ್ರಲ್ಲಿ ಎರಡು ಹನಿ ಹಸಿರು ಬಿದ್ದಿದೆ" ಎಂದ. ಆ ಭಾವಮೈದುನ ಆರು ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ಅಂಗಡಿ ಬಿಟ್ಟರೆ ಅವನ ಲೋಕವೆಲ್ಲ ಮಹಡಿಯ ಮೇಲಿನ ಪಂಜರಗಳಲ್ಲಿತ್ತು. ಬೀದಿಯವರೆಲ್ಲ ಲವ್ ಬರ್ಡ್ಸ್ ಎನ್ನುವ ಪುಟಾಣಿ ಗಿಳಿಗಳು ಅಲ್ಲಿದ್ದವು. "ಲವ್ ಬರ್ಡ್ಸ್ ಅಲ್ರೀ, ಬಜ್ರಿಗರ್" ಎಂದು ತಿದ್ದಿ ತಿದ್ದಿ ಅವನ ನಾಲಿಗೆ ಸವೆದಿತ್ತು. ಭಾನುವಾರ ಬೆಳಿಗ್ಗೆ ಜನ ಬೂಟಿನ ಡಬ್ಬಿಗೆ ತೂತು ಕೊರೆದು, ಒಳಗೆ ಮರಿಗಳನ್ನಿಟ್ಟುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಗಂಡು ಮಾತು ಕಲಿಯುತ್ತದೆ ಎಂಬ ಆಸೆಗೆ ಎಲ್ಲರಿಗೂ ಗಂಡೇ ಬೇಕು. ಬಣ್ಣದಪ್ಪ ಕೈ ತೊಳೆದು, ಮರಿಯನ್ನು ಮುಷ್ಟಿಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಕೊಕ್ಕಿನ ಮೇಲೆ ಮೂಗಿನ ಹೊಳ್ಳೆಗಳಿರುವ ಮೆತ್ತನೆಯ ಜಾಗವನ್ನು ನೋಡುತ್ತಿದ್ದ. ಅದು ಒಂದೇ ಸಮ ಗುಲಾಬಿಯಾಗಿದ್ದರೆ ಗಂಡು. ಹೊಳ್ಳೆಯ ಸುತ್ತ ಬಿಳಿ ಉಂಗುರ ಕಂಡರೆ ಹೆಣ್ಣು. ಐದು ವಾರ ತುಂಬದ ಮರಿ ತಂದವರಿಗೆ, "ಹಾಲುಗಲ್ಲದ ಮಕ್ಕಳನ್ನು ಪೀಡಿಸಬೇಡಿ, ಎತ್ಕೊಂಡು ಹೋಗಿ" ಎಂದು ಮುಲಾಜಿಲ್ಲದೆ ಹೇಳಿಬಿಡುತ್ತಿದ್ದ.

ಬಣ್ಣದ ವಿಷಯಕ್ಕೆ ಬಂದರಂತೂ ಅಪ್ಪ ಅಮ್ಮನ ಬಣ್ಣ ಹೇಳದೆ ಮಾತೇ ಇಲ್ಲ. ಎರಡು ಹಸಿರಿಗೆ ಒಂದೊಂದು ಸಲ ನೀಲಿ ಹುಟ್ಟೀತು, ಆದರೆ ಎರಡು ನೀಲಿಗೆ ಹಸಿರು ಜನ್ಮಜನ್ಮಾಂತರಕ್ಕೂ ಹುಟ್ಟದು. ಎರಡು ವರ್ಷದ ಹಿಂದೆ ಕೆಳಬೀದಿಯ ದರ್ಜಿ ಹಸಿರು ಮರಿಯೊಂದನ್ನು ತಂದು, ತನ್ನ ನೀಲಿ ಜೋಡಿಯದ್ದು ಎಂದಾಗ, ಬಣ್ಣದಪ್ಪ ಹತ್ತು ಜನರ ಮುಂದೆ, "ನಿಮ್ಮ ಹೆಣ್ಣನ್ನ ಕರೆದು ವಿಚಾರಿಸಿ. ಯಾರೋ ಹಸಿರು ಅಂಗಿಯವನು ಬಂದು ಹೋಗಿದಾನೆ" ಎಂದಿದ್ದ. ಜನ ಬಿದ್ದು ಬಿದ್ದು ನಕ್ಕರು. ದರ್ಜಿಯ ಪಂಜರದಲ್ಲಿ ಹಸಿರು ಗಂಡೊಂದು ಇದ್ದದ್ದು ನಿಜವೇ. ಆದರೆ ನಿಜ ಎಂದ ಮಾತ್ರಕ್ಕೆ ಅವಮಾನ ಜೀರ್ಣವಾಗುತ್ತದೆಯೇ? ಅಂದಿನಿಂದ ದರ್ಜಿ ಸಮಯ ಕಾಯುತ್ತಿದ್ದ.

ಬಣ್ಣದಪ್ಪನ ಕಣ್ಮಣಿ ಎಂದರೆ ಒಂದು ನೀಲಿ ಜೋಡಿ. ಮಳೆ ಬರುವ ಮುಂಚಿನ ಆಕಾಶದ ಮಬ್ಬು ನೀಲಿ; ಅಂಥದ್ದು ಆ ಸುತ್ತಿನಲ್ಲಿ ಯಾರ ಬಳಿಯೂ ಇರಲಿಲ್ಲ. ಹಸಿರು ಹಕ್ಕಿಗಳೆಲ್ಲ ದೊಡ್ಡ ಪಂಜರದಲ್ಲಿ; ಈ ಜೋಡಿಗೆ ಬೇರೆಯದೇ ಪಂಜರ, ಬೇರೆಯದೇ ಗೂಡುಪೆಟ್ಟಿಗೆ, ಬಾಗಿಲಿಗೆ ತಂತಿಯ ಬಿಗಿತ. ಎರಡು ಸಲ ಮೊಟ್ಟೆಯಿಟ್ಟರೂ ಎರಡು ಸಲವೂ ಹುಸಿ. ಬ್ಯಾಟರಿ ಬೆಳಕಿಗೆ ಹಿಡಿದರೆ ಒಳಗೆ ಬರೀ ಖಾಲಿ. ಎರಡನೆಯ ಸಲ ಅವನು ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ, ಅಂಗಡಿಯಲ್ಲಿ ಕೆನೆಬಣ್ಣ ಕೇಳಿದವರಿಗೆ ಬೂದುಬಣ್ಣ ಕಲಸಿಕೊಟ್ಟ. ಮೂರನೆಯ ಸಲ ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಅಂಕಿ ಬರೆದನೇ ಹೊರತು ಬೆಳಕಿಗೆ ಹಿಡಿಯುವ ಧೈರ್ಯ ಬರಲಿಲ್ಲ.

ಮೂರು ಮೊಟ್ಟೆ ಒಡೆದು ಮರಿ ಬಂದವು! ಬಣ್ಣದಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಮೂರೂ ನೀಲಿ. ಐದು ವಾರ ತುಂಬಿದ ಭಾನುವಾರ ಎಲ್ಲರೂ ನೋಡೋಕೆ ಬನ್ನಿ" ಎಂದು ಬೀದಿಗೆಲ್ಲ ಸಾರಿದ. ಹೋಗಿ ಹೋಗಿ ದರ್ಜಿಗೂ ಹೇಳಿದ.

ಎರಡು ವಾರ ಕಳೆಯುತ್ತಿದ್ದಂತೆ ಮರಿಗಳ ತಲೆಯ ಮೇಲೆ ಹಳದಿ ಮೂಡಿತು. ಏನೋ ಮೆತ್ತಿದೆ ಎಂದು ಹತ್ತಿ ಒದ್ದೆ ಮಾಡಿ ಒರೆಸಿದ, ಹೋಗಲಿಲ್ಲ. ನೀಲಿಯಲ್ಲೂ ಹಳದಿ ಮುಖದವು ಇರುತ್ತವೆ ಎಂದು ನಾಲ್ಕು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡ. ಐದನೆಯ ದಿನ ಬೆನ್ನಿನ ಮೇಲೆ ಹಸಿರು ಗರಿ ಚಿಗುರಿತು, ಮೂರಕ್ಕೆ ಮೂರೂ. ಕಣ್ಣೇ ಕೆಟ್ಟಿತೇನೋ ಎಂದು ಅಂಗಡಿಯಲ್ಲಿ ಬಣ್ಣದ ಚೀಟಿಗಳನ್ನೆಲ್ಲ ಕಲೆಸಿ ಮತ್ತೆ ಜೋಡಿಸಿ ನೋಡಿದ. ಒಂದೂ ತಪ್ಪಲಿಲ್ಲ. ಕಣ್ಣು ಕೆಟ್ಟಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಆಮೇಲೆ ಪಂಜರದ ತಟ್ಟೆ ತೊಳೆಯುವಾಗ ಮೊಟ್ಟೆಯ ಚಿಪ್ಪಿನ ಅರ್ಧ ಸಿಕ್ಕಿತು. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಅಂಕಿ, ಎರಡು. ಬಾಲ ಸುತ್ತಿದ ಎರಡು. ಬಣ್ಣದಪ್ಪ ಬರೆಯುವ ಎರಡಕ್ಕೆ ಬಾಲ ಸುತ್ತಿರುವುದಿಲ್ಲ. ಅಂಥ ಎರಡು ಇದ್ದದ್ದು ಅಡುಗೆಮನೆಯ ಡಬ್ಬಿಗಳ ಮೇಲೆ, ಅವನ ಹೆಂಡತಿಯ ಕೈಬರಹದಲ್ಲಿ.

"ನನಗೆ ನಿಮ್ಮ ಹಕ್ಕಿ ಪಕ್ಕಿ ಎಲ್ಲ ಗೊತ್ತಾಗಲ್ಲಪ್ಪ" ಎಂದು ಮದುವೆಯಾದಾಗಿನಿಂದ ಕೈ ಕೊಡವುತ್ತ ಬಂದವಳು ಅವಳು. ಬಣ್ಣದಪ್ಪ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಲೆಕ್ಕ ಹಾಕಿದ. ತಾನು ಅಂಗಡಿಗೆ ಹೋದಾಗ ಅವಳು ದೊಡ್ಡ ಪಂಜರದ ಹಸಿರು ಹಕ್ಕಿಗಳ ಮೊಟ್ಟೆಗಳನ್ನು ತಂದು, ಅವುಗಳ ಮೇಲೂ ಅಂಕಿ ಬರೆದು, ಇಲ್ಲಿಟ್ಟಿದ್ದಾಳೆ. ಮೊದಲು ಸಿಟ್ಟು ಬಂತು. ಆಮೇಲೆ, ಮೊಟ್ಟೆ ಹುಸಿಯಾದಾಗಿನ ಆ ಮೂರು ದಿನದ ತನ್ನ ಮುಖ ನೆನಪಾಗಿ ನಾಚಿಕೆ ಬಂತು. ಅವಳಿಗೆ ಏನೂ ಹೇಳಲಿಲ್ಲ. ಅವಳೂ ಏನೂ ಹೇಳಲಿಲ್ಲ, ಮರಿಗಳ ಬಣ್ಣ ಕಂಡ ದಿನದಿಂದ ಮಾತ್ರ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಅದನ್ನೂ ಅವನು ತುಟಿ ಪಿಟಕ್ಕೆನ್ನದೆ ಉಂಡ.

ಭಾನುವಾರ ಬಂತು. ಎಲ್ಲರಿಗಿಂತ ಮೊದಲು ಬಂದವನು ದರ್ಜಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಹಿಂದೆ ಏಳೆಂಟು ಜನ. ಬಣ್ಣದಪ್ಪ ಪೆಟ್ಟಿಗೆಯ ಮುಚ್ಚಳ ತೆಗೆದ. ಎಲ್ಲರೂ ಕುತ್ತಿಗೆ ಚಾಚಿ ಇಣುಕಿದರು. ದರ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ನನ್ನ ಕಣ್ಣೇ ಸರಿ ಇಲ್ವೇನೋ. ಇದು ಹಸಿರು ಥರ ಕಾಣ್ತಿದೆಯಲ್ಲ?"

ಒಂದು ಮಾತು ಹೇಳಿದ್ದರೆ ಬಣ್ಣದಪ್ಪನ ಮಾನ ಉಳಿಯುತ್ತಿತ್ತು. ಆದರೆ ಮೆಟ್ಟಿಲ ತುದಿಯಲ್ಲಿ ಹೆಂಡತಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ನಾಳೆಯಿಂದ ಬೀದಿಯೆಲ್ಲ ಇವಳನ್ನು ಮೊಟ್ಟೆಕಳ್ಳಿ ಎಂದು ಆಡಿಕೊಳ್ಳುತ್ತದೆ ಎಂಬುದು ಅವನಿಗೆ ಸಹಿಸಲಾಗದೆ ಹೋಯಿತು.

"ಹಸಿರೇ" ಎಂದ. "ಎರಡು ನೀಲಿಗೆ ಹಸಿರು ಹುಟ್ಟಲ್ಲ ಅಂತಿದ್ನಲ್ಲ, ಅದು ತಪ್ಪು. ನನಗೇ ಸರಿಯಾಗಿ ಗೊತ್ತಿರಲಿಲ್ಲ."

ದರ್ಜಿಗೆ ಗೆಲುವು ಇಷ್ಟು ಸುಲಭವಾಗಿ ಸಿಕ್ಕೀತೆಂಬ ನಿರೀಕ್ಷೆ ಇರಲಿಲ್ಲ. "ಹಾಗಾದ್ರೆ ಅವತ್ತು ನಮ್ಮ ಹೆಣ್ಣಿನ ಮೇಲೆ ಹೊರಿಸಿದ ಅಪವಾದ?"

"ತಪ್ಪಾಯ್ತು. ನಾನು ಕ್ಷಮೆ ಕೇಳ್ದೆ ಅಂತ ಅದಕ್ಕೆ ಹೇಳ್ಬಿಡಿ."

ಹೆಂಡತಿ ಚಹಾದ ತಟ್ಟೆಯನ್ನು ದಪ್ಪೆಂದು ನೆಲಕ್ಕಿಟ್ಟಳು.

"ತಪ್ಪೂ ಇಲ್ಲ, ಗಿಪ್ಪೂ ಇಲ್ಲ! ಇವರು ಬಣ್ಣದಲ್ಲಿ ತಪ್ಪೋದು ಅಂದ್ರೇನು? ಮೊಟ್ಟೆ ಬದಲಾಯಿಸಿದ್ದು ನಾನು. ಹುಸಿಯಾದ್ರೆ ಮತ್ತೆ ಮೂಗನ ಥರ ಕೂತ್ಕೋತಾರೆ ಅಂತ ದೊಡ್ಡ ಪಂಜರದಿಂದ ತಂದಿಟ್ಟೆ. ಮೊಟ್ಟೆ ಎಲ್ಲಾ ಬಿಳೀನೇ ತಾನೇ ಇದ್ದಿದ್ದು? ಒಳಗಡೆ ಹಸಿರಿದೆ ಅಂತ ನನಗೇನು ಗೊತ್ತು!"

ಮಹಡಿ ಹಾರಿಹೋಗುವಂತೆ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ದರ್ಜಿಯೇ. ಕಣ್ಣೊರೆಸಿಕೊಳ್ಳುತ್ತ, "ಅದ್ಸರಿ ಅಕ್ಕ, ಜೀವ ಇರೋ ಮೊಟ್ಟೆ ಯಾವುದು ಅಂತ ಹೇಗೆ ಆರಿಸಿದ್ರಿ?" ಎಂದು ಕೇಳಿದ.

"ಬ್ಯಾಟರಿ ಹಿಡಿದು. ಕೆಂಪು ನರ ಕಂಡ್ರೆ ಜೀವ ಇದೆ, ಕಾಣದಿದ್ರೆ ಹುಸಿ. ಇಪ್ಪತ್ತು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಇವರದ್ದು ಅದೇ ಪಾಠ ಅಲ್ವಾ?"

"ನೀನು ಕೇಳಿಸ್ಕೊತಾ ಇದ್ಯಾ?" ಎಂದ ಬಣ್ಣದಪ್ಪ.

"ಮತ್ತೆ? ಅಷ್ಟು ವರ್ಷ ನೀವು ಮಾತಾಡ್ತಿದ್ದಿದ್ದು ಯಾರ ಹತ್ರ ಅಂದ್ಕೊಂಡ್ರಿ, ಗೋಡೆ ಹತ್ರಾನಾ?"

ಗೋಡೆಯ ಹತ್ತಿರ ಎಂದೇ ಅವನು ಇಷ್ಟು ವರ್ಷ ಅಂದುಕೊಂಡಿದ್ದ. ಪೆಟ್ಟಿಗೆಯೊಳಗೆ ಕೈಹಾಕಿ ಎಲ್ಲಕ್ಕಿಂತ ಚಿಕ್ಕ ಮರಿಯನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಹೆಣ್ಣು" ಎಂದಳು.

"ಹೆಣ್ಣೇ" ಎಂದ ಬಣ್ಣದಪ್ಪ.

"ನೀವು ನೋಡೇ ಇಲ್ವಲ್ರೀ?" ಎಂದ ದರ್ಜಿ.

"ಅವಳು ನೋಡಿದಾಳಲ್ಲ."